ಇಬ್ಬರು ಗುಮಾಸ್ತರು, ಒಂದೇ ಲೆಕ್ಕ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನಾಡಿಗೆಲ್ಲ ಹೆಸರಾದುದು. ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿಗಳಿಂದಲೂ ಬೆಳೆಗಾರರು ಅಲ್ಲಿಗೆ ಗೂಡು ತರುತ್ತಾರೆ. ಒಬ್ಬೊಬ್ಬರ ರಾಶಿಗೂ ಒಂದೊಂದು ಸಂಖ್ಯೆ ದೊರೆಯುತ್ತದೆ. ಹರಾಜು, ತೂಕ, ಹಣದ ಪಾವತಿ ಎಲ್ಲವೂ ಆ ಸಂಖ್ಯೆಯನ್ನು ಹಿಡಿದೇ ನಡೆಯಬೇಕು. ಎರಡು ರಾಶಿಗಳಿಗೆ ಒಂದೇ ಸಂಖ್ಯೆ ಬಿದ್ದರೆ ಒಬ್ಬನ ಹಣ ಮತ್ತೊಬ್ಬನ ಕೈ ಸೇರೀತು. ಸಂಖ್ಯೆ ಕೊಡುವವನೇ ಇಲ್ಲದಿದ್ದರೆ ಗೂಡು ತಂದವನು ಬಾಗಿಲಲ್ಲೇ ನಿಲ್ಲಬೇಕಾದೀತು. ಗಣಕಯಂತ್ರಗಳ ಲೋಕದಲ್ಲಿಯೂ ಈ ಎರಡು ಭಯಗಳು ಉಂಟು.

ಕಚೇರಿಯ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದ ವ್ಯವಸ್ಥೆಗೆ ಜಾಲವೆಂದು ಹೆಸರು. ಜಾಲದ ಪ್ರತಿಯೊಂದು ಯಂತ್ರಕ್ಕೂ ತನ್ನದೇ ಆದ ಐಪಿ ವಿಳಾಸ ಬೇಕು. ಅದು 192.168.10.25 ಎಂಬಂತೆ ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ರೂಪದಲ್ಲಿರುತ್ತದೆ. ಹತ್ತು ಯಂತ್ರಗಳಿಗೆ ವಿಳಾಸವನ್ನು ಕೈಯಿಂದಲೇ ಬರೆದು ಕೊಡಬಹುದು. ನೂರಾದಾಗ ತಪ್ಪು ನುಸುಳದೆ ಇರದು. ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ನಿಯಮಾವಳಿಯೊಂದು 1993ರಲ್ಲಿ ಪ್ರಕಟವಾಯಿತು. ಅಮೆರಿಕದ ರಾಲ್ಫ್ ಡ್ರೋಮ್ಸ್ ಎಂಬವರು ಬರೆದ ಅದರ ಪರಿಷ್ಕೃತ ರೂಪ 1997ರಲ್ಲಿ ಹೊರಬಂದಿತು. ಅದೇ ಡಿಎಚ್‌ಸಿಪಿ. ವಿಳಾಸ ಹಂಚುವ ಯಂತ್ರವು ಡಿಎಚ್‌ಸಿಪಿ ಸರ್ವರ್; ಅದನ್ನು ಜಾಲದ ಗುಮಾಸ್ತನೆಂದು ಕರೆಯಬಹುದು.

ಹೊಸದಾಗಿ ಚಾಲನೆಗೊಂಡ ಯಂತ್ರವು ಮೊದಲು, “ವಿಳಾಸ ಕೊಡುವವರು ಯಾರಾದರೂ ಇದ್ದೀರಾ?” ಎಂದು ಜಾಲದಲ್ಲಿ ಕೂಗುತ್ತದೆ. ಸರ್ವರ್ ಒಂದು ವಿಳಾಸವನ್ನು ತೋರಿಸುತ್ತದೆ. ಯಂತ್ರವು ಅದನ್ನೇ ಕೊಡಬೇಕೆಂದು ಕೇಳುತ್ತದೆ. ಸರ್ವರ್ ಒಪ್ಪಿ, ತನ್ನ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಈ ವಿಳಾಸ ಸ್ವಂತದ್ದಲ್ಲ, ಗುತ್ತಿಗೆಯದು. ಗುತ್ತಿಗೆ 8 ದಿನಗಳದ್ದಾದರೆ, 4 ದಿನ ಕಳೆದಾಗ ಯಂತ್ರವು ಅದೇ ಸರ್ವರನ್ನು ನವೀಕರಣಕ್ಕಾಗಿ ಕೇಳುತ್ತದೆ. ಉತ್ತರ ಬಾರದಿದ್ದರೆ 7 ದಿನ ಕಳೆದಾಗ ಯಾವ ಸರ್ವರ್ ಆದರೂ ಸರಿಯೆಂದು ಮೊರೆಯಿಡುತ್ತದೆ. ಆಗಲೂ ಉತ್ತರವಿಲ್ಲದಿದ್ದರೆ, ಗುತ್ತಿಗೆ ಮುಗಿದೊಡನೆ ವಿಳಾಸವನ್ನು ಬಿಟ್ಟುಕೊಡಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಒಂದು ಜಿಲ್ಲೆಯಾದವು. ಅದಕ್ಕೂ ಮೊದಲೇ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಸುಮಾರು 67 ಲಕ್ಷ ರೈತರ ಪಹಣಿಗಳು ಗಣಕಯಂತ್ರಕ್ಕೆ ಸೇರಿದ್ದವು. ಈಗ ಪಹಣಿಗೂ ಆದಾಯ ಪ್ರಮಾಣಪತ್ರಕ್ಕೂ ಜನ ಜಾಲವನ್ನೇ ನಂಬಿದ್ದಾರೆ. ರಾಮನಗರದಲ್ಲಿ ಮುಖ್ಯ ಕಚೇರಿಯೂ ಉಳಿದ ಮೂರು ಊರುಗಳಲ್ಲಿ ಶಾಖೆಗಳೂ ಉಳ್ಳ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಅದಕ್ಕಿರುವುದು ಒಂದೇ ಸರ್ವರ್. ಅದು ಸೋಮವಾರ ಕೆಟ್ಟಿತೆನ್ನೋಣ. ಗುತ್ತಿಗೆ ಉಳಿದಿರುವ ಯಂತ್ರಗಳು ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತವೆ. ಯಾರಿಗೂ ಕೇಡು ಕಾಣುವುದಿಲ್ಲ. ಬಳಿಕ ಒಂದೊಂದಾಗಿ ಅವು ಜಾಲದಿಂದ ಕಳಚಿಕೊಳ್ಳುತ್ತವೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನವೆಂದು ಪ್ರಮಾಣಪತ್ರಕ್ಕಾಗಿ ಬಂದ ಬಾಲಕಿ ಬರಿಗೈಯಲ್ಲಿ ಊರಿಗೆ ಮರಳಬೇಕಾಗುತ್ತದೆ.

ಹಾಗಾದರೆ ಎರಡು ಸರ್ವರುಗಳನ್ನು ಇಟ್ಟರಾಯಿತೆ? ಅಷ್ಟು ಸಾಲದು. ಎರಡಕ್ಕೂ ಒಂದೇ ವಿಳಾಸಗಳ ಪಟ್ಟಿಯನ್ನು ಕೊಟ್ಟು, ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯದಂತೆ ಬಿಟ್ಟರೆ, ಒಂದೇ ವಿಳಾಸ ಇಬ್ಬರ ಪಾಲಾಗಬಹುದು. ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು ಪಟ್ಟಿಯನ್ನು ಹಂಚುವುದು. 200 ವಿಳಾಸಗಳಲ್ಲಿ 160ನ್ನು ಒಂದಕ್ಕೂ 40ನ್ನು ಇನ್ನೊಂದಕ್ಕೂ ಕೊಡುವುದು ರೂಢಿಯಲ್ಲಿರುವ ಕ್ರಮ. ಇದು ಸರಳ, ಆದರೆ ದೊಡ್ಡ ಪಾಲಿನ ಸರ್ವರ್ ಬಹುಕಾಲ ಕೆಟ್ಟು ನಿಂತರೆ 40 ವಿಳಾಸಗಳು ಸಾಲವು. ಎರಡನೆಯದು ಎರಡೂ ಒಂದೇ ಲೆಕ್ಕವನ್ನು ಇಡುವುದು. ಒಂದು ಸರ್ವರ್ ಕೊಟ್ಟ ಪ್ರತಿಯೊಂದು ಗುತ್ತಿಗೆಯನ್ನೂ ಇನ್ನೊಂದಕ್ಕೆ ತಿಳಿಸುತ್ತದೆ. ಇದನ್ನು ಫೇಲ್‌ಓವರ್ ಎನ್ನುತ್ತಾರೆ. 2012ರ ವಿಂಡೋಸ್ ಸರ್ವರ್‌ನಲ್ಲಿ ಈ ಅನುಕೂಲವನ್ನು ಸೇರಿಸಲಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಜೊತೆಗಾರ ಮೌನವಾದ ಮಾತ್ರಕ್ಕೆ ಕೆಟ್ಟಿದ್ದಾನೆಂದು ತಿಳಿಯಬಾರದು. ಎರಡೂ ಸರ್ವರುಗಳು ಚೆನ್ನಾಗಿದ್ದು, ನಡುವಿನ ಸಂಪರ್ಕ ಮಾತ್ರ ಕಡಿದಿರಬಹುದು. ಆದುದರಿಂದ ಉಳಿದ ಸರ್ವರ್ ತನ್ನ ಪಾಲಿನ ವಿಳಾಸಗಳನ್ನಷ್ಟೇ, ಅದೂ ಅಲ್ಪಾವಧಿಗೆ ಕೊಡುತ್ತದೆ. ಜೊತೆಗಾರ ನಿಜವಾಗಿ ನಿಂತಿದೆಯೆಂದು ಖಚಿತವಾಗಿ, ನಿಗದಿಯಾದ ಕಾಲ ಕಳೆದ ಮೇಲೆಯೇ ಇಡೀ ಪಟ್ಟಿಯನ್ನು ವಹಿಸಿಕೊಳ್ಳುತ್ತದೆ. ಅವಸರಪಡದಿರುವುದೇ ಇಲ್ಲಿನ ಜಾಣತನ.

ಎರಡೂ ಸರ್ವರುಗಳನ್ನು ಒಂದೇ ಕೋಣೆಯಲ್ಲಿ, ಒಂದೇ ವಿದ್ಯುತ್ ತಂತಿಗೆ ಜೋಡಿಸಿದರೆ ಜೋಡಿಯಿದ್ದೂ ಫಲವಿಲ್ಲ. ಒಂದನ್ನು ರಾಮನಗರದಲ್ಲಿಯೂ ಇನ್ನೊಂದನ್ನು ಚನ್ನಪಟ್ಟಣದಲ್ಲಿಯೂ ಇಡುವುದು ಲೇಸು. ಯಂತ್ರದ ಕೂಗು ತನ್ನ ಊರಿನ ಜಾಲವನ್ನು ದಾಟಿ ಹೋಗದು. ಅದನ್ನು ಸರ್ವರಿಗೆ ಮುಟ್ಟಿಸಲು ಪ್ರತಿ ಶಾಖೆಯಲ್ಲಿಯೂ ದೂತನಂತಹ ಒಂದು ಸಾಧನವಿರಬೇಕು. ಆ ದೂತನಿಗೆ ಎರಡೂ ಸರ್ವರುಗಳ ವಿಳಾಸ ತಿಳಿದಿರಬೇಕು. ಎಲ್ಲಕ್ಕೂ ಮಿಗಿಲಾಗಿ, ರಜೆಯ ದಿನ ಒಂದು ಸರ್ವರನ್ನು ಬೇಕೆಂದೇ ನಿಲ್ಲಿಸಿ, ಇನ್ನೊಂದು ಹೊಣೆ ಹೊರುವುದೋ ಇಲ್ಲವೋ ಎಂದು ಪರೀಕ್ಷಿಸಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎರಡನೆಯ ಸರ್ವರ್ ಅಂತಹ ಬಾವಿ. ಅದನ್ನು ಮೊದಲೇ ತೋಡಿರಬೇಕು. ಅದು ತನ್ನ ಕೆಲಸ ಮಾಡಿದ ದಿನ ಯಾರೂ ಅದನ್ನು ನೆನೆಯುವುದಿಲ್ಲ. ಆದರೆ ಅಂದು ಆ ಬಾಲಕಿ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಊರಿನ ಬಸ್ಸು ಹತ್ತಿರುತ್ತಾಳೆ.