ಹಳೆಯ ಕಾರಿಗೆ ಹೊಸ ಆಕ್ಸಿಜನ್ ಸೆನ್ಸರ್

ಎಂಜಿನ್ನಿಗೆ ಪೆಟ್ರೋಲು ಎಷ್ಟು, ಗಾಳಿ ಎಷ್ಟು ಎಂಬುದನ್ನು ಹಿಂದೆ ಕಾರ್ಬೊರೇಟರು ಅಂದಾಜಿನ ಮೇಲೆ ಒದಗಿಸುತ್ತಿತ್ತು. ತರುವಾಯ, ಹೊರಹೋಗುವ ಹೊಗೆಯನ್ನೇ ಪರೀಕ್ಷಿಸಿ ವರದಿ ಕೊಡುವ ಹೆಬ್ಬೆರಳಿನ ಗಾತ್ರದ ಉಪಕರಣವೊಂದು ಬಂದಿತು. ಅದೇ ಆಕ್ಸಿಜನ್ ಸೆನ್ಸರ್. ಬಾಷ್ ಕಂಪನಿಯವರು ತಯಾರಿಸಿದ ಇದನ್ನು 1976ರಲ್ಲಿ ಮೊದಲಿಗೆ ವೋಲ್ವೊ ಕಾರಿಗೆ ಅಳವಡಿಸಿದರು. ಸೀಸ ಬೆರೆತ ಪೆಟ್ರೋಲು ಇದಕ್ಕೆ ವಿಷ. ಭಾರತದಲ್ಲಿ ಅದರ ಮಾರಾಟ 2000ದಲ್ಲಿ ನಿಂತಿತು.

ಇದರೊಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯ ಪುಟ್ಟ ಕುಪ್ಪಿಗೆ ಪ್ಲಾಟಿನಮ್ ಲೇಪವಿದೆ. ಕುಪ್ಪಿಯ ಹೊರಮೈಗೆ ಹೊಗೆ ತಾಗುತ್ತದೆ. ಒಳಗೆ ಬಯಲಿನ ಗಾಳಿಯಿರುತ್ತದೆ. ಎರಡು ಕಡೆಯ ಆಮ್ಲಜನಕದ ವ್ಯತ್ಯಾಸದಿಂದ ವಿದ್ಯುತ್ತು ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದ್ದರೆ ಸುಮಾರು 0.1 ವೋಲ್ಟು, ಪೆಟ್ರೋಲು ಹೆಚ್ಚಾಗಿದ್ದರೆ 0.9ರ ಸಮೀಪ. ತೂಕದಲ್ಲಿ ಪೆಟ್ರೋಲು 1 ಪಾಲಿಗೆ ಗಾಳಿ 14.7 ಪಾಲು ಇರುವಂತೆ ಕಾರಿನ ಕಂಪ್ಯೂಟರು ಇದನ್ನು ನೋಡಿಕೊಂಡೇ ಹೊಂದಿಸುತ್ತದೆ. ಆದರೆ ಸುಮಾರು 300 ಡಿಗ್ರಿ ಸೆಂಟಿಗ್ರೇಡ್ ಕಾವೇರುವ ತನಕ ಸೆನ್ಸರ್ ಬಾಯಿ ಬಿಡದು. ಆದಕಾರಣ ಒಂದೇ ತಂತಿಯ ಹಳೆಯ ಸೆನ್ಸರಿನ ಬಳಿಕ, ಒಳಗೇ ಹೀಟರುಳ್ಳ ಮೂರು, ನಾಲ್ಕು ತಂತಿಯವು ಬಂದವು.

ಕಾರಿನ ಮುಂದಿನ ದೀಪ ಹೊತ್ತಿಕೊಂಡೊಡನೆ "ಸೆನ್ಸರ್ ಹೋಯಿತು" ಎಂದು ಹೇಳಿ ಹೊಸದನ್ನು ಹಾಕುವುದು ಸುಲಭ. ಹಣ ಕೊಡುವವನು ಮಾತ್ರ ಬೇರೆ. ಸೆನ್ಸರಿನ ಮುಂಚೆ ಹೊಗೆಕೊಳವೆ ಬಿರಿತಿದ್ದರೆ ಅಲ್ಲಿ ಗಾಳಿ ನುಗ್ಗುತ್ತದೆ. ಪ್ಲಗ್ಗು ಕಿಡಿ ಕೊಡದಿದ್ದರೂ ಉರಿಯದ ಆಮ್ಲಜನಕ ಹಾಗೆಯೇ ಹೊರಬೀಳುತ್ತದೆ. ಆಗ "ಪೆಟ್ರೋಲು ಸಾಲದು" ಎಂದು ಸೆನ್ಸರ್ ವರದಿ ಮಾಡುತ್ತದೆ. ಪಾಪ, ತನಗೆ ಕಂಡದ್ದನ್ನೇ ಹೇಳುತ್ತಿದೆ! ಕಂಪ್ಯೂಟರು ಅದನ್ನು ನಂಬಿ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಹೊಸ ಸೆನ್ಸರ್ ಹಾಕಿದರೂ ಅದೇ ಕಥೆ. ಹೀಗಿರುವುದರಿಂದ ಎಂಜಿನ್ ಚೆನ್ನಾಗಿ ಕಾದಮೇಲೆ ಡಿಜಿಟಲ್ ಮೀಟರಿನಿಂದ ನೋಡಬೇಕು. ವೋಲ್ಟು ಮೇಲಕ್ಕೂ ಕೆಳಕ್ಕೂ ಚುರುಕಾಗಿ ಓಡಾಡುತ್ತಿದ್ದರೆ ದೋಷವನ್ನು ಬೇರೆಡೆ ಹುಡುಕುವುದು ಲೇಸು. ಬೇಕೆಂದೇ ಪೆಟ್ರೋಲು ಹೆಚ್ಚುಕಡಿಮೆ ಮಾಡಿದರೂ ಅದು ಅಲ್ಲಾಡದಿದ್ದರೆ, ಅಥವಾ ಸಾವಕಾಶವಾಗಿ ಏಳುತ್ತಿದ್ದರೆ, ಸೆನ್ಸರಿಗೆ ವಯಸ್ಸಾಯಿತೆಂದು ತಿಳಿಯಬಹುದು.

ಕೊಳ್ಳುವಾಗ ಮೋಸಹೋಗುವುದು ಮರೆಯ ವಿಷಯದಲ್ಲಿ. ಬಹುತೇಕ ಸೆನ್ಸರುಗಳ ಮರೆ 18 ಮಿಲಿಮೀಟರಿನದೇ ಆದ್ದರಿಂದ ಯಾವುದನ್ನು ತಂದರೂ ತಿರುಗಿ ಕೂರುತ್ತದೆ! ಕೆಲವು ಕಾರುಗಳಲ್ಲಿ ಟೈಟೇನಿಯಾದ ಸೆನ್ಸರ್ ಇರುತ್ತದೆ. ಅದು ವೋಲ್ಟನ್ನು ಹುಟ್ಟಿಸದೆ ವಿದ್ಯುತ್ ತಡೆಯನ್ನು ಬದಲಿಸುವ ಜಾತಿ. ಜಿರ್ಕೋನಿಯಾದ್ದು ಅದರ ಜಾಗದಲ್ಲಿ ಕೆಲಸಕ್ಕೆ ಬಾರದು. ತಂತಿಗಳ ಬಣ್ಣವನ್ನೂ ನಂಬುವಂತಿಲ್ಲ. ಬಾಷ್‌ನಲ್ಲಿ ಎರಡು ಬಿಳಿ ತಂತಿ ಹೀಟರಿಗೆ, ಕಪ್ಪು ಸಂಕೇತಕ್ಕೆ, ಬೂದು ಬಣ್ಣದ್ದು ಭೂಸಂಪರ್ಕಕ್ಕೆ. ಬೇರೆಯವರ ಕ್ರಮ ಬೇರೆ. ಹಳೆಯದರ ಮೇಲಿನ ನಂಬರನ್ನು ಓದಿಕೊಂಡು ಹೋಗುವುದೇ ಸರಿ. ತಂತಿ ಕತ್ತರಿಸಿ ಜೋಡಿಸುವ ಅಗ್ಗದ ಸೆನ್ಸರಾದರೆ ಬೆಸುಗೆ ಹಾಕಕೂಡದು. ಅನೇಕ ಸೆನ್ಸರುಗಳು ಹೊರಗಾಳಿಯನ್ನು ತಂತಿಯ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆಯಿಂದ ಅವುಗಳ ಉಸಿರು ಕಟ್ಟುತ್ತದೆ.

ಹಳೆಯದನ್ನು ಕೊಳವೆ ಉಗುರುಬೆಚ್ಚಗಿರುವಾಗ ಬಿಚ್ಚಿದರೆ ಮರೆ ಕೆಡುವುದು ಕಡಿಮೆ. ಹೊಸದರ ಮರೆಗೆ ಲೇಪವಿಲ್ಲದಿದ್ದರೆ ಕಾವು ತಡೆಯುವ ಲೇಪವನ್ನು ಸವರಬೇಕು, ತುದಿಗೆ ಸೋಕಬಾರದು. ಸಿಲಿಕೋನ್ ಅಂಟನ್ನು ಹತ್ತಿರಕ್ಕೂ ತರಕೂಡದು, ಅದರ ಆವಿ ಪ್ಲಾಟಿನಮ್ಮನ್ನು ಮುಚ್ಚಿಬಿಡುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಸೆನ್ಸರಿನ ಪಿಂಗಾಣಿ ಒಳಗೇ ಬಿರಿತಿರಬಹುದು, ಹೊರಗೆ ಗೊತ್ತಾಗದು. ತಂತಿ ಮುರಿಗೊಳ್ಳದಂತೆ ಮೊದಲು ಸೆನ್ಸರನ್ನು ಬಿಗಿದು, ಆಮೇಲೆ ಕನೆಕ್ಟರನ್ನು ಸಿಕ್ಕಿಸಿ, ತಂತಿಯನ್ನು ಕಾದ ಕೊಳವೆಯಿಂದ ದೂರಕ್ಕೆ ಕಟ್ಟಬೇಕು.