ಗಾಜಿನ ತೊಟ್ಟಿಗೆ ಬಂದ ಕಡಲ ಮೀನು

ಕಡಲಿನ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಇಂದು ನಿನ್ನೆಯದಲ್ಲ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಗಳ ಮನೆಯೊಂದು ಜನರ ವೀಕ್ಷಣೆಗೆ ತೆರೆಯಿತು. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗ ವಿಜ್ಞಾನಿ ಈ ವಿಷಯವನ್ನು ಕುರಿತು ಒಂದು ಪುಸ್ತಕವನ್ನೇ ಬರೆದನು. ಅಂದಿನಿಂದ ಇಂದಿನವರೆಗೆ ಮೀನನ್ನು ನೋಡಿ ಸಂತೋಷಪಟ್ಟವರಿಗೆ ಲೆಕ್ಕವಿಲ್ಲ. ಆದರೆ ಹೊಸದಾಗಿ ಬಂದ ಮೀನಿಗೆ ಆ ತೊಟ್ಟಿ ಹೇಗೆ ಕಾಣುತ್ತದೆಂದು ಯೋಚಿಸಿದವರು ಕಡಮೆ.

ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಹವಳದ ದಿಬ್ಬಗಳಲ್ಲಿ ಒಂದು ಪುಟ್ಟ ಮೀನು ವಾಸಿಸುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಫೈರ್‌ಫಿಷ್ ಎಂದು ಹೆಸರು. ಕನ್ನಡದಲ್ಲಿ ಬೆಂಕಿಮೀನು ಎನ್ನಬಹುದು. ಅದರ ಉದ್ದ ಹೆಚ್ಚೆಂದರೆ 9 ಸೆಂಟಿಮೀಟರು. ಮೈಯ ಮುಂಭಾಗ ಬಿಳುಪು. ಬಾಲದ ಕಡೆಗೆ ಕೆಂಡದಂತಹ ಕೆಂಪು. ಬೆನ್ನಿನ ಮೇಲೆ ನೀಳವಾದ ರೆಕ್ಕೆಯೊಂದು ಬಾವುಟದ ಕೋಲಿನಂತೆ ಎದ್ದು ನಿಂತಿರುತ್ತದೆ. ನೀರಿನ ಹರಿವಿಗೆ ಮುಖಮಾಡಿ ನಿಂತು, ತೇಲಿಬರುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವುದು ಅದರ ಜೀವನಕ್ರಮ. ನೆರಳು ಸುಳಿದರೆ ಸಾಕು, ಬಾಣದಂತೆ ತನ್ನ ಬಿಲವನ್ನು ಸೇರುತ್ತದೆ. ಈ ಅಂಜಿಕೆ ಅದರ ದೋಷವಲ್ಲ. ಬಲವಾದ ದವಡೆಯಾಗಲಿ, ವಿಷದ ಮುಳ್ಳಾಗಲಿ ಇಲ್ಲದ ಆ ಪ್ರಾಣಿಗೆ ಓಡಿ ಅಡಗುವ ವೇಗವೊಂದೇ ಆಯುಧ.

ಇಂತಹ ಮೀನನ್ನು ತರುವ ಮೊದಲೇ ನೀರು ಸಿದ್ಧವಾಗಿರಬೇಕು. ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಮೀನಿನ ರಕ್ತದಲ್ಲಿರುವ ಲವಣ ಅದರ ಮೂರನೆಯ ಒಂದು ಪಾಲು ಮಾತ್ರ. ಆದುದರಿಂದ ಮೀನಿನ ದೇಹದ ನೀರು ಕಿವಿರುಗಳ ಮೂಲಕ ಸದಾ ಹೊರಕ್ಕೆ ಹೋಗುತ್ತಿರುತ್ತದೆ. ಆ ನಷ್ಟವನ್ನು ತುಂಬಲು ಅದು ಕಡಲ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರದೂಡುತ್ತದೆ. ಲವಣಾಂಶ ಥಟ್ಟನೆ ಬದಲಾದರೆ ಈ ಸಮತೋಲ ಕೆಡುತ್ತದೆ. ಅಲ್ಲದೆ ಮೀನು ಹೊರಹಾಕುವ ಅಮೋನಿಯವು ಅದಕ್ಕೇ ವಿಷ. ಕೆಲವು ಬಗೆಯ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟು ದಿನ ಕಾಯಲಾರದವನು ಮೀನನ್ನು ಸಾಕಲಾರನು.

ಮೀನು ಪ್ಲಾಸ್ಟಿಕ್ ಚೀಲದಲ್ಲಿ ಪಯಣಿಸಿ ಬರುತ್ತದೆ. ಮುಚ್ಚಿದ ಚೀಲದಲ್ಲಿ ಅದರ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ, ನೀರಿನ ಕ್ಷಾರಗುಣವನ್ನು ತಗ್ಗಿಸುತ್ತದೆ. ಇದರಿಂದ ಅಮೋನಿಯದ ವಿಷವೂ ತಗ್ಗಿರುತ್ತದೆ. ಚೀಲವನ್ನು ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ವಿಷವು ತೀವ್ರವಾಗುತ್ತದೆ. ದೀರ್ಘ ಪ್ರಯಾಣದ ಅನಂತರ ಚೀಲವನ್ನು ಬಿಚ್ಚಿ ಗಂಟೆಗಟ್ಟಲೆ ಇಡುವುದು ಅಪಾಯವೆನ್ನುವುದು ಇದಕ್ಕಾಗಿ. ಚೀಲವನ್ನು ಮುಚ್ಚಿದಂತೆಯೇ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟರೆ ಎರಡರ ಉಷ್ಣತೆಯೂ ಸಮನಾಗುತ್ತದೆ. ತೊಟ್ಟಿಯ ಲವಣಾಂಶವನ್ನು ಅಂಗಡಿಯ ನೀರಿಗೆ ಮೊದಲೇ ಹೊಂದಿಸಿದ್ದರೆ, ಮೀನನ್ನು ತಡಮಾಡದೆ ಒಳಗೆ ಬಿಡಬಹುದು. ಚೀಲದ ನೀರನ್ನು ಮಾತ್ರ ತೊಟ್ಟಿಗೆ ಸುರಿಯಬಾರದು.

ಮೊದಲ ನಾಲ್ಕು ವಾರ ಹೊಸ ಮೀನನ್ನು ಪ್ರತ್ಯೇಕವಾದ ಸಣ್ಣ ತೊಟ್ಟಿಯಲ್ಲಿಡುವುದು ಉತ್ತಮ. ರೋಗವಿದ್ದರೆ ಅಲ್ಲಿಯೇ ತಿಳಿಯುತ್ತದೆ. ಉಳಿದ ಮೀನುಗಳ ಕಾಟವಿಲ್ಲದೆ ಅದು ತಿನ್ನಲು ಕಲಿಯುತ್ತದೆ. ಮೊದಲ ದಿನ ದೀಪವನ್ನು ಆರಿಸಿರಬೇಕು. ಅಡಗಲು ಕೊಳವೆಯ ತುಂಡೊಂದಾದರೂ ಬೇಕು. ಬೆಂಕಿಮೀನು ಗಾಬರಿಗೊಂಡರೆ ನೀರಿನಿಂದ ಹೊರಕ್ಕೆ ಜಿಗಿಯುವುದರಿಂದ, ಸಣ್ಣ ಕಣ್ಣಿನ ಬಲೆಯನ್ನು ತೊಟ್ಟಿಯ ಬಾಯಿಗೆ ಹೊದಿಸಬೇಕು. ಬಳಿಕ ದೊಡ್ಡ ತೊಟ್ಟಿಗೆ ಬಿಡುವಾಗ ಅಲ್ಲಿನ ಕಲ್ಲುಗಳ ಸ್ಥಾನವನ್ನು ಸ್ವಲ್ಪ ಬದಲಾಯಿಸುವುದು ಲೇಸು. ಆಗ ಹಳೆಯ ಮೀನುಗಳಿಗೂ ನೆಲೆ ಹೊಸದಾಗುತ್ತದೆ. ಬಂದವನನ್ನು ಓಡಿಸುವ ಹುರುಪು ಕುಗ್ಗುತ್ತದೆ.

ಇಷ್ಟಾದರೂ ಒಂದೆರಡು ದಿನ ಮೀನು ಕಾಣಿಸದೆ ಹೋಗಬಹುದು. ಸಾಕುವವನ ನಿಜವಾದ ಪರೀಕ್ಷೆ ನಡೆಯುವುದು ಆಗಲೇ. ಸತ್ತಿತೋ ಏನೋ ಎಂಬ ಆತಂಕದಿಂದ ಕಲ್ಲನ್ನೆತ್ತಿ ನೋಡುವ ಮನಸ್ಸಾಗುತ್ತದೆ. ಗಾಜನ್ನು ತಟ್ಟಿ ಕರೆಯುವವರೂ ಉಂಟು. ಇದರಿಂದ ತನ್ನ ಬಿಲವೂ ಸುರಕ್ಷಿತವಲ್ಲವೆಂಬುದನ್ನು ಮಾತ್ರ ಮೀನು ಕಲಿಯುತ್ತದೆ. ಬಹಳ ದಿನ ಉಪವಾಸವಿದ್ದರೆ ಆ ಪುಟ್ಟ ದೇಹ ತಾಳಲಾರದು ಎಂಬುದೂ ದಿಟವೇ. ಆದುದರಿಂದ ನೀರಿನ ಗುಣವನ್ನು ಪರೀಕ್ಷಿಸುತ್ತ, ಸಣ್ಣ ಸೀಗಡಿ ಮರಿಗಳಂತಹ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಬಿಲದ ಮುಂದೆ ಹರಿದುಹೋಗುವಂತೆ ಬಿಟ್ಟು, ದೂರ ಸರಿದು ನಿಲ್ಲಬೇಕು. ಉಳಿದ ಆಹಾರವನ್ನು ಕೊಳೆಯುವ ಮುನ್ನ ತೆಗೆಯಬೇಕು.

ಒಂದು ದಿನ ಬಿಲದ ಬಾಯಲ್ಲಿ ಬಿಳಿಯ ತಲೆಯೊಂದು ಕಾಣಿಸುತ್ತದೆ. ಮರುದಿನ ಬೆನ್ನಿನ ಬಾವುಟವೂ ಹೊರಬರುತ್ತದೆ. ಹಿಂದಿರುಗಲು ಒಂದು ನೆಲೆಯಿದೆ ಎಂಬ ಭರವಸೆಯಿಂದಲೇ ಮೀನು ಹೊರಬರುತ್ತದೆ. ಆ ನೆಲೆಯನ್ನು ಕಸಿದುಕೊಂಡು ಅದನ್ನು ಹೊರಗೆಳೆಯಲಾಗದು. ಕಡಲನ್ನು ಬಿಟ್ಟುಬಂದ ಜೀವಿಗೆ ಮರಳುವ ದಾರಿಯಿಲ್ಲ. ಅದನ್ನು ತಂದವನು ಅದಕ್ಕೆ ಸಲ್ಲಿಸಬೇಕಾದ ಋಣದಲ್ಲಿ ಒಳ್ಳೆಯ ನೀರಿನಷ್ಟೇ ತಾಳ್ಮೆಯೂ ಸೇರಿದೆ.