ಹಾಸ್ಟೆಲಿನ ಬೇಳೆ, ನಮ್ಮ ಅಡಿಕೆ ಮತ್ತು ಕ್ರಿಮಿನಲ್ ಅಪೀಲು



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೆಸರು ನಮ್ಮ ಪತ್ರಿಕೆಯಲ್ಲಿ ಕಾಣಿಸುವುದು ಅಪರೂಪ. ಕಲಬುರಗಿ ಜಿಲ್ಲೆಯ ಆ ಸೀಮೆ ಎರೆಭೂಮಿಯದು. ತೊಗರಿ, ಜೋಳದ ನಾಡು. ಮಳೆಗೂ ಮಣ್ಣಿಗೂ ನಮ್ಮ ತೋಟಗಳಿಗೂ ಸಂಬಂಧವಿಲ್ಲ. ಆದರೆ ಅಲ್ಲಿಯ ವಿದ್ಯಾರ್ಥಿ ನಿಲಯಗಳು, ಅಂಗನವಾಡಿಗಳು, ಬಿಸಿಯೂಟದ ಶಾಲೆಗಳು ಎಲ್ಲ ಊರುಗಳಲ್ಲಿ ಇರುವಂತೆಯೇ ಸರ್ಕಾರದ ಹಣದಿಂದ ಆಹಾರ ಕೊಳ್ಳುತ್ತವೆ. ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದೇ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಅಂದಿನ ಗುಲಬರ್ಗಾ ಅವುಗಳಲ್ಲಿ ಒಂದು. ಇಂಥ ಕಡೆಗೆ ಕೆಟ್ಟ ಬೇಳೆ ಬಂದಾಗ, ಅದನ್ನು ಒಳಗೆ ಬಿಡಲು ಯಾರೋ ಹಣ ಪಡೆದಾಗ, ಮೊಕದ್ದಮೆ ಹೇಗೆ ನಡೆಯುತ್ತದೆ, ಅಪೀಲಿನಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯುವುದು ಆಹಾರ ಪದಾರ್ಥ ಮಾರುವ ಯಾವ ಸಂಘಕ್ಕೂ ಅಗತ್ಯ. ನಮಗಂತೂ ಇನ್ನೂ ಹತ್ತಿರದ ಕಾರಣಗಳಿವೆ. ಅವು ಮುಂದೆ ಬರುತ್ತವೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಜೇವರ್ಗಿ ಕಡೆಯ ಒಂದು ಹಾಸ್ಟೆಲಿಗೆ ಗುತ್ತಿಗೆದಾರನು ತೊಗರಿ ಬೇಳೆ ಒದಗಿಸುತ್ತಾನೆ. ಅದರಲ್ಲಿ ಕೇಸರಿ ಬೇಳೆ ಬೆರೆತಿದೆ. ಕೇಸರಿ ಬೇಳೆಯನ್ನು ಬಹುಕಾಲ ತಿಂದವರ ಕಾಲುಗಳ ಶಕ್ತಿ ಉಡುಗುತ್ತದೆ ಎಂಬುದು ಹಿಂದಿನಿಂದ ಗೊತ್ತಿರುವ ಸಂಗತಿ. ಬೇಳೆಯನ್ನು ಒಪ್ಪಿಕೊಂಡು ಬಿಲ್ಲಿಗೆ ಸಹಿ ಹಾಕಲು ವಾರ್ಡನ್ ಹಣ ಕೇಳುತ್ತಾನೆ. ಅಡಿಗೆಮನೆ ಒಂದೇ, ಚೀಲವೂ ಒಂದೇ. ಆದರೆ ಅಪರಾಧಗಳು ಎರಡು, ಕಾಯ್ದೆಗಳು ಎರಡು, ಸಾಬೀತುಪಡಿಸುವ ಬಗೆಯೂ ಬೇರೆ ಬೇರೆ. ಬೇಳೆಯ ವಿಷಯ ಆಹಾರ ಕಾಯ್ದೆಗೆ ಸೇರಿದ್ದು, ಲಂಚದ ವಿಷಯ 1988ರ ಭ್ರಷ್ಟಾಚಾರ ನಿಗ್ರಹ ಕಾಯ್ದೆಗೆ. ಒಂದರಲ್ಲಿ ಶಿಕ್ಷೆಯಾಗಿ ಇನ್ನೊಂದರಲ್ಲಿ ಖುಲಾಸೆಯಾದರೆ ಅದು ವಿರೋಧಾಭಾಸವೇನೂ ಅಲ್ಲ.

ಮೊದಲು ಆಹಾರದ ಮಾತು. 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ಅರ್ಧ ಶತಮಾನಕ್ಕೂ ಮೀರಿ ನಡೆಯಿತು. 2011ರ ಆಗಸ್ಟ್ 5ರಿಂದ ಅದರ ಸ್ಥಾನಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದಿದೆ. ಹೊಸ ಕಾಯ್ದೆಯ ಪ್ರಕಾರ ಲಾಭಕ್ಕಾಗಿ ನಡೆಯಲಿ, ನಡೆಯದಿರಲಿ, ಸರ್ಕಾರದ್ದಾಗಲಿ, ಖಾಸಗಿಯಾಗಲಿ, ಆಹಾರ ತಯಾರಿಸಿ ಬಡಿಸುವ ಸಂಸ್ಥೆಯೆಲ್ಲ ಆಹಾರ ಉದ್ದಿಮೆಯೇ. ಆದ್ದರಿಂದ ಹಾಸ್ಟೆಲಿನ ಅಡಿಗೆಮನೆ ತಾನು ಅಂಗಡಿಯಲ್ಲ ಎಂದು ತಪ್ಪಿಸಿಕೊಳ್ಳುವಂತಿಲ್ಲ.

ಇಲ್ಲಿ ಬೆಳೆಗಾರನಿಗೆ ಒಂದು ರಕ್ಷಣೆಯಿದೆ. ರೈತನಿಗೂ ಅವನ ಬೇಸಾಯಕ್ಕೂ ಬೆಳೆಗೂ ಈ ಕಾಯ್ದೆ ಅನ್ವಯಿಸುವುದಿಲ್ಲ. ತೋಟದಲ್ಲಿರುವ ಗೊನೆಗೆ, ಕಣದಲ್ಲಿ ಒಣಗುವ ಕಾಫಿ ಚೆರ್ರಿಗೆ ಇನ್ಸ್‌ಪೆಕ್ಟರು ಬರುವುದಿಲ್ಲ. ಆದರೆ ಕಾಫಿಯನ್ನು ಹುರಿದು ಪುಡಿ ಮಾಡಿ ಪೊಟ್ಟಣ ಕಟ್ಟಿದ ಮೇಲೆ, ಅಡಿಕೆಯನ್ನು ಕತ್ತರಿಸಿ ಸುವಾಸನೆ ಬೆರೆಸಿದ ಮೇಲೆ, ನಾವು ಆ ಮಟ್ಟಿಗೆ ರೈತರಲ್ಲ, ಆಹಾರ ವ್ಯಾಪಾರಿಗಳು.

ಅಡಿಕೆ ಆಹಾರವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತೆಂದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಸ್ಯಾಕರಿನ್ ಮತ್ತು ಸೈಕ್ಲಮೇಟ್ ಎಂಬ ಕೃತಕ ಸಿಹಿ ಬೆರೆಸಿದ ಸುವಾಸಿತ ಅಡಿಕೆಯ ಪ್ರಕರಣವದು. ತೇಜಾನಿ ಪ್ರಕರಣವೆಂದು ಅದಕ್ಕೆ ಹೆಸರು. ಅಡಿಕೆಯನ್ನು ಜಗಿಯುತ್ತಾರೆಯೇ ಹೊರತು ಊಟ ಮಾಡುವುದಿಲ್ಲವಾದ್ದರಿಂದ ಅದು ಆಹಾರವಲ್ಲ ಎಂಬ ವಾದ ನಿಲ್ಲಲಿಲ್ಲ. 1973ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಅಡಿಕೆ ಆಹಾರವೇ ಎಂದಿತು. ಕಲಬೆರಕೆಯ ಮೊಕದ್ದಮೆಯಲ್ಲಿ ದುರುದ್ದೇಶವನ್ನು ಸಾಬೀತುಪಡಿಸಬೇಕಾಗಿಲ್ಲ, ಮಾರಿದ್ದೇ ಸಾಕು ಎಂದಿತು. ಮೊದಲ ತಪ್ಪೆಂದು ಎಚ್ಚರಿಕೆ ಕೊಟ್ಟು ಬಿಡುವ ಸೌಲಭ್ಯವೂ ಇಂಥ ಅಪರಾಧಕ್ಕೆ ಸಾಮಾನ್ಯವಾಗಿ ಸಲ್ಲದೆಂದಿತು. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿಗೆ ಆಹಾರದ ಕಾನೂನಿನಲ್ಲಿ ಬೆಲೆ ಎಷ್ಟು ಕಡಿಮೆ ಎಂಬುದನ್ನು ಈ ಒಂದು ಪ್ರಕರಣವೇ ತೋರಿಸುತ್ತದೆ. ಕಾಫಿಗೂ ಲೆಕ್ಕ ಹೀಗೆಯೇ: ಚಿಕೋರಿ ಬೆರೆಸಬಹುದು, ಆದರೆ ಮಿಶ್ರಣದಲ್ಲಿ ತೂಕಕ್ಕೆ ಶೇಕಡ 51ಕ್ಕೆ ಕಡಿಮೆಯಿಲ್ಲದಂತೆ ಕಾಫಿ ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. ಒಂದು ಲೋಟ ತಣ್ಣೀರಿನ ಮೇಲೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಬಣ್ಣ ಬಿಡುತ್ತ ಇಳಿಯುತ್ತದೆ. ಇದು ಮನೆಯ ಪರೀಕ್ಷೆ. ಕೋರ್ಟಿಗೆ ಇದು ಸಾಲದು.

ಕೋರ್ಟಿಗೆ ಬೇಕಾದದ್ದು ಕ್ರಮಬದ್ಧ ಮಾದರಿ. ಹಿಂದೆ ಮಾದರಿಯನ್ನು ಮೂರು ಭಾಗ ಮಾಡುತ್ತಿದ್ದರು, ಈಗ ನಾಲ್ಕು. ಒಂದು ಆಹಾರ ವಿಶ್ಲೇಷಕರಿಗೆ, ಎರಡು ನಿಯೋಜಿತ ಅಧಿಕಾರಿಯ ಬಳಿಗೆ. ನಾಲ್ಕನೆಯದು, ವ್ಯಾಪಾರಿ ಕೇಳಿಕೊಂಡರೆ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ. ವಿಶ್ಲೇಷಕರ ವರದಿಯನ್ನು ಒಪ್ಪದವನು 30 ದಿನಗಳೊಳಗೆ ನಿಯೋಜಿತ ಅಧಿಕಾರಿಗೆ ಅಪೀಲು ಸಲ್ಲಿಸಬಹುದು. ಆಗ ಮಾದರಿ ಉಲ್ಲೇಖ ಪ್ರಯೋಗಾಲಯಕ್ಕೆ ಹೋಗಬಹುದು, ಅದರ ವರದಿಯೇ ಅಂತಿಮ. ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ ಅಂಥ ಪ್ರಯೋಗಾಲಯವಿದೆ. ಈ 30 ದಿನವನ್ನು ಕಳೆದುಕೊಂಡವನು ಮುಂದೆ ಎಷ್ಟು ದೊಡ್ಡ ವಕೀಲರನ್ನು ಇಟ್ಟರೂ ಕಷ್ಟವೇ.

ಎರಡನೆಯ ಪರೀಕ್ಷೆಯ ಹಕ್ಕು ಎಷ್ಟು ಗಟ್ಟಿಯಾದುದೆಂದು 1967ರ ದೆಹಲಿಯ ಒಂದು ಮೊಸರಿನ ಪ್ರಕರಣದಲ್ಲಿ ನೋಡಬಹುದು. 1961ರಲ್ಲಿ ಮಾದರಿ ತೆಗೆದು ಮೊಕದ್ದಮೆ ಹೂಡಿದ್ದು ಎಂಟು ತಿಂಗಳ ನಂತರ. ಕೇಂದ್ರ ಪ್ರಯೋಗಾಲಯಕ್ಕೆ ತಲುಪುವ ವೇಳೆಗೆ ಮೊಸರು ಪೂರ್ತಿ ಕೆಟ್ಟು ಹೋಗಿತ್ತು. ಆರೋಪಿಯ ಹಕ್ಕು ಪ್ರಾಸಿಕ್ಯೂಷನ್ನಿನ ವಿಳಂಬದಿಂದ ಹಾಳಾಯಿತೆಂದು ಸುಪ್ರೀಂ ಕೋರ್ಟು ಖುಲಾಸೆಯನ್ನು ಎತ್ತಿಹಿಡಿಯಿತು. ಮೊಸರು ಶುದ್ಧವಾಗಿತ್ತೆಂದು ಯಾರೂ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಲಂಚ. ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರಿ, ಪಂಚರ ಎದುರಿಗೆ ಮಹಜರು ಬರೆದು, ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿಯಾಗುತ್ತದೆ. ಗುಲಾಬಿ ಬಣ್ಣ ಬಂದರೆ ಕೆಲಸ ಮುಗಿಯಿತೆಂದು ಜನ ತಿಳಿಯುತ್ತಾರೆ. ಹಾಗಿಲ್ಲ. ಆಂಧ್ರದ ಕಂದಾಯ ಅಧಿಕಾರಿಯೊಬ್ಬರ ಮೇಲೆ ನ್ಯಾಯಬೆಲೆ ಅಂಗಡಿಯ ಪಡಿತರ ಬಿಡುಗಡೆಗಾಗಿ ಲಂಚ ಪಡೆದ ಆರೋಪ ಬಂದಿತ್ತು. ಫಿರ್ಯಾದಿಯೇ ಕೋರ್ಟಿನಲ್ಲಿ ತಿರುಗಿಬಿದ್ದ. ಜಯರಾಜ್ ಪ್ರಕರಣವೆಂದು ಹೆಸರಾದ ಆ ಅಪೀಲಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ಹಣ ಸಿಕ್ಕಿದ್ದರಿಂದಲೇ ಅಪರಾಧ ಸಿದ್ಧಿಸದು, ಹಣ ಕೇಳಿದ್ದನ್ನೂ ಸಾಬೀತುಪಡಿಸಬೇಕು ಎಂದು ಅವರನ್ನು ಬಿಡುಗಡೆ ಮಾಡಿತು. ಇದರ ಫಲವಾಗಿ ಫಿರ್ಯಾದಿಯನ್ನು ಒಲಿಸಿಕೊಂಡರೆ ಸಾಕು ಎಂಬ ಭಾವನೆ ಬೆಳೆಯುವ ಅಪಾಯವಿತ್ತು. 2022ರ ಡಿಸೆಂಬರ್ 15ರಂದು ನೀರಜ್ ದತ್ತಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಸರಿಪಡಿಸಿತು: ಫಿರ್ಯಾದಿ ತೀರಿಕೊಂಡರೂ, ತಿರುಗಿಬಿದ್ದರೂ, ಬೇರೆ ಸಾಕ್ಷ್ಯದಿಂದ, ಸಂದರ್ಭಗಳಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು. ನನ್ನ ಅಭಿಪ್ರಾಯದಲ್ಲಿ ಬಡ ಫಿರ್ಯಾದಿಗಳಿಗೆ ಇದು ದೊಡ್ಡ ಆಸರೆ.

ಲಂಚದ ಮೊಕದ್ದಮೆಯನ್ನು ವಿಶೇಷ ನ್ಯಾಯಾಧೀಶರು ವಿಚಾರಿಸುತ್ತಾರೆ, ಅಪೀಲು ಹೈಕೋರ್ಟಿಗೆ. ಮೇಲೆ ಹೇಳಿದ ಮೂರು ತಾಲ್ಲೂಕುಗಳವರು 2008ರ ಜುಲೈವರೆಗೆ ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿತ್ತು. ಆಮೇಲೆ ಗುಲಬರ್ಗಾದಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅಪೀಲಿನಲ್ಲಿ ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಯುವುದಿಲ್ಲ. ಉಗ್ರಾಣದಲ್ಲಿ ಅಂದು ಬರೆದ ಮಹಜರು, ಸೀಲಿನ ಗುರುತು, ಸ್ಟಾಕ್ ಪುಸ್ತಕದ ದಿನಾಂಕ, ಇವುಗಳನ್ನೇ ವರ್ಷಗಳ ನಂತರ ಬಿಚ್ಚಿ ಓದುತ್ತಾರೆ. ಆ ಬೇಳೆ ಉಂಡ ಹುಡುಗರು ಅಷ್ಟರಲ್ಲಿ ಕಾಲೇಜು ಮುಗಿಸಿರುತ್ತಾರೆ, ಅವರ ಮಾತು ಕಡತದಲ್ಲಿ ಹೆಚ್ಚಾಗಿ ಇರುವುದೂ ಇಲ್ಲ.

ಶಿಕ್ಷೆಯ ವಿರುದ್ಧದ ಅಪೀಲಿಗೂ ಖುಲಾಸೆಯ ವಿರುದ್ಧ ಸರ್ಕಾರ ಹೂಡುವ ಅಪೀಲಿಗೂ ವ್ಯತ್ಯಾಸವಿದೆ. ನಮ್ಮ ರಾಜ್ಯದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರಿಸಿದೆ. ಮೇಲಿನ ಕೋರ್ಟು ಸಾಕ್ಷ್ಯವನ್ನೆಲ್ಲ ಹೊಸದಾಗಿ ತೂಗಿ ನೋಡಬಹುದು; ಆದರೆ ಖುಲಾಸೆಯಾದವನ ನಿರಪರಾಧಿತ್ವದ ಊಹೆ ಇಮ್ಮಡಿಯಾಗಿರುತ್ತದೆ, ಎರಡು ಸಮಂಜಸ ಅಭಿಪ್ರಾಯಗಳಿಗೆ ಎಡೆಯಿದ್ದರೆ ಖುಲಾಸೆಯನ್ನು ಕದಲಿಸಬಾರದು. ಶಿಕ್ಷೆಗೊಳಗಾದವನು ಅಪೀಲು ನಡೆಯುತ್ತಿರುವಾಗಲೇ ತೀರಿಕೊಂಡರೆ, ಹೆಂಡತಿ ಮಕ್ಕಳು 30 ದಿನಗಳೊಳಗೆ ಅನುಮತಿ ಕೇಳಿ ಅದನ್ನು ಮುಂದುವರಿಸಬಹುದು. ಕಳಂಕವೂ ಪಿಂಚಣಿಯೂ ಅದರ ಮೇಲೆ ನಿಂತಿರುವುದರಿಂದ ಹಾಗೆ ಮುಂದುವರಿಸುವ ಕುಟುಂಬಗಳುಂಟು.

ಕೊನೆಗೆ ನಮ್ಮ ಕಾರಣಗಳು. ಭ್ರಷ್ಟಾಚಾರ ನಿಗ್ರಹ ಕಾಯ್ದೆಯಲ್ಲಿ ‘ಸಾರ್ವಜನಿಕ ನೌಕರ’ ಎಂದರೆ ವಾರ್ಡನ್, ತಹಶೀಲ್ದಾರ್ ಮಾತ್ರವಲ್ಲ. ಸರ್ಕಾರದ ಆರ್ಥಿಕ ನೆರವು ಪಡೆದ, ಕೃಷಿ ಅಥವಾ ವ್ಯಾಪಾರದಲ್ಲಿ ತೊಡಗಿದ ಸಹಕಾರ ಸಂಘದ ಅಧ್ಯಕ್ಷರೂ ಕಾರ್ಯದರ್ಶಿಯೂ ಪದಾಧಿಕಾರಿಗಳೂ ಆ ಮಾತಿನೊಳಗೆ ಬರುತ್ತಾರೆ. ಅಂದರೆ ಈ ಲೇಖಕನೂ ಸಹ. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ಪಾರಾಗುತ್ತಾನೆ. ನಮ್ಮಲ್ಲಿ ಈ ದೂರುಗಳು ಈಗ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಹೋಗುತ್ತವೆ. 2016ರಲ್ಲಿ ರಚಿಸಿದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟು 2022ರ ಆಗಸ್ಟಿನಲ್ಲಿ ರದ್ದುಮಾಡಿತು. ಯಾವುದೇ ಸಂಸ್ಥೆಗೆ ಪುಡಿ ಸರಬರಾಜು ಮಾಡುವಾಗ ‘ಖರ್ಚು’ ಕೇಳಿದವರ ವಿಷಯವನ್ನು ಸದಸ್ಯರಾಗಲಿ ಗುಮಾಸ್ತರಾಗಲಿ ಅಂದೇ ಕಛೇರಿಗೆ ಬರಹದಲ್ಲಿ ತಿಳಿಸಬೇಕು.

ಆಹಾರ ಕಾಯ್ದೆಯ 66ನೇ ಕಲಮಿನಂತೆ ಸಂಸ್ಥೆಯ ಪರವಾಗಿ ಜವಾಬ್ದಾರ ವ್ಯಕ್ತಿಯೊಬ್ಬರನ್ನು ನಮೂನೆ 9ರಲ್ಲಿ ನಾಮಕರಣ ಮಾಡಬಹುದು. ನಾಮಕರಣವಿಲ್ಲದಿದ್ದರೆ ವ್ಯವಹಾರದ ಹೊಣೆ ಹೊತ್ತವರೆಲ್ಲರೂ ಆರೋಪಿಗಳಾಗಬಹುದು. ಈ ವಿಷಯವನ್ನು ಮುಂದಿನ ಆಡಳಿತ ಮಂಡಳಿಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲಾಗಿದೆ. ಹುರಿದ ಪ್ರತಿ ಬಾರಿಯ ಪುಡಿಯಿಂದ ಕಾಲು ಕಿಲೋ ತೆಗೆದು, ಸೀಲು ಹಾಕಿ, ದಿನಾಂಕ ಬರೆದು ಗೋದಾಮಿನ ಮೇಲಿನ ಕಪಾಟಿನಲ್ಲಿಡಲು ಗುಮಾಸ್ತರಿಗೆ ಹೇಳಿದೆ. ಸದಸ್ಯರು ಬಂದಾಗ ನೋಡಬಹುದು.